ಭದ್ರಾವತಿಯ ವಿಶ್ವನಾಥ್ ಆಟ ಬಿಟ್ಟ ಮೇಲೆ ಏನೇನು ಮಾಡಿದರು?

ಹೊಸನಗರದ ಪಿಟಿ ಮೇಷ್ಟ್ರು:
ನಮ್ಮ ಶಾಲೆಯ ಕ್ರೀಡಾಕೂಟದಲ್ಲಿ ಜಿಲ್ಲೆಯ ಒಬ್ಬ ಆಟಗಾರನ ಬಗ್ಗೆ ಹತ್ತು ನಿಮಿಷ ಮಾತಾಡಬೇಕಂತೆ. ಜಿ.ಆರ್. ವಿಶ್ವನಾಥ್ ಬಗ್ಗೆ ಮಾತಾಡ್ತೀನಿ ಅಂತ ಒಪ್ಪಿಕೊಂಡೆ. 1949ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ್ದು, 91 ಟೆಸ್ಟ್, 6080 ರನ್, 14 ಶತಕ, ಸ್ಕ್ವೇರ್ ಕಟ್. ಇದು ಎಲ್ಲ ಕಡೆ ಸಿಗುತ್ತದೆ. ಆದರೆ 1983ರಲ್ಲಿ ಕೊನೆಯ ಟೆಸ್ಟ್ ಆಡಿದ ಮೇಲಿನದ್ದು ಎಲ್ಲಿ ನೋಡಿದರೂ ಒಂದೇ ಸಾಲು: ಆಯ್ಕೆ ಸಮಿತಿ ಅಧ್ಯಕ್ಷರಾಗಿದ್ದರು, ಮ್ಯಾಚ್ ರೆಫರಿ ಆಗಿದ್ದರು. ಏಳನೇ ಕ್ಲಾಸಿನ ಮಕ್ಕಳಿಗೆ ಮ್ಯಾಚ್ ರೆಫರಿ ಅಂದರೆ ಏನು ಅಂತ ಹೇಳಲಿ? ಅಂಪೈರ್ ಇರುವಾಗ ಇನ್ನೊಬ್ಬರು ಯಾಕೆ ಅಂತ ಕೇಳಿಯೇ ಕೇಳುತ್ತವೆ.

ಹಳೇ ಟ್ರಾನ್ಸಿಸ್ಟರ್, ಭದ್ರಾವತಿ:
ಮೇಷ್ಟ್ರೇ, ರೆಫರಿ ವಿಷಯ ತಿಳಿದವರು ಹೇಳಲಿ. ನಾನು ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವಿಶ್ವನಾಥ್ ಆಟವನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ.

14 ಶತಕದಿಂದ ಶುರು ಮಾಡಬೇಡಿ ಮಾರಾಯ್ರೆ. ಶತಕ ಆಗದ ಒಂದು ಇನಿಂಗ್ಸ್‌ನಿಂದ ಶುರು ಮಾಡಿ. 1975ರ ಜನವರಿ, ಮದ್ರಾಸ್, ಎದುರಿಗೆ ವೆಸ್ಟ್ ಇಂಡೀಸ್. ಆಂಡಿ ರಾಬರ್ಟ್ಸ್ 64 ರನ್‌ಗೆ 7 ವಿಕೆಟ್ ಕಿತ್ತ. ಇಂಡಿಯಾ ಒಟ್ಟು 190, ಅದರಲ್ಲಿ ವಿಶ್ವನಾಥ್ ಒಬ್ಬರದೇ 97, ಔಟಾಗದೆ. ಆ ಕಡೆ ಕೊನೆಯವನಾಗಿ ನಿಂತಿದ್ದವರು ಚಂದ್ರಶೇಖರ್. ಬೌಲರ್ ಆದ ಅವರ ಬ್ಯಾಟಿಂಗ್ ಅಷ್ಟಕ್ಕಷ್ಟೇ, ಗೊತ್ತಲ್ಲ! ಮೂರು ರನ್ ಬಾಕಿ ಇರುವಾಗ ಅವರು ಔಟಾದರು. ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಚಂದ್ರಗೆ ಬೈಯದವರಿಲ್ಲ. ಪಂದ್ಯ 100 ರನ್‌ನಿಂದ ಗೆದ್ದೆವು, ಆಮೇಲೆ ಬೈಗುಳ ನಿಂತಿತು.

ಮಕ್ಕಳಿಗೆ ಕಾನ್ಪುರದ್ದೂ ಹೇಳಿ. 1969, ಆಸ್ಟ್ರೇಲಿಯಾ ಮೇಲೆ ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅದಕ್ಕೂ ಮುಂಚೆ ಮೈಸೂರು ತಂಡಕ್ಕೆ ರಣಜಿ ಆಡಿದ ಮೊದಲ ಪಂದ್ಯದಲ್ಲೇ ಆಂಧ್ರದ ಮೇಲೆ 230 ಹೊಡೆದಿದ್ದ ಹುಡುಗ ಅದು. ಸೊನ್ನೆ ಬಂದ ದಿನ ಅಳುವ ಮಕ್ಕಳು ನಿಮ್ಮ ಶಾಲೆಯಲ್ಲೂ ಇರುತ್ತಾರೆ, ಅಲ್ವಾ?

ಜಿಲ್ಲಾ ಲೀಗ್ ಅಂಪೈರ್, ಶಿವಮೊಗ್ಗ:
ರೆಫರಿ ಔಟ್–ನಾಟೌಟ್ ಹೇಳುವುದಿಲ್ಲ. ಅದು ಅಂಪೈರ್ ಕೆಲಸ. ರೆಫರಿ ಬೌಂಡರಿ ಆಚೆ ಕೂತು ನೋಡುತ್ತಾರೆ. ಟಾಸ್ ಹಾಕುವಾಗ ಇರುತ್ತಾರೆ. ಓವರ್ ನಿಧಾನವಾದರೆ ಲೆಕ್ಕ ಹಾಕಿ ದಂಡ ಹಾಕುತ್ತಾರೆ. ಪಿಚ್ ಹೇಗಿತ್ತು ಅಂತ ವಿಶ್ವ ಕ್ರಿಕೆಟ್ ನಡೆಸುವ ಐಸಿಸಿಗೆ ವರದಿ ಕಳಿಸುತ್ತಾರೆ. ಯಾರಾದರೂ ಅಂಪೈರ್ ಮೇಲೆ ರೇಗಿದರೆ, ಸ್ಟಂಪ್ ಒದ್ದರೆ, ಅಂಪೈರ್‌ಗಳು ದೂರು ಕೊಡುತ್ತಾರೆ. ರೆಫರಿ ಆಟಗಾರನ ಮಾತೂ ಕೇಳಿ ಶಿಕ್ಷೆ ತೀರ್ಮಾನಿಸುತ್ತಾರೆ. ಈಗಿನ ನಿಯಮದಲ್ಲಿ ಸಣ್ಣ ತಪ್ಪಿಗೆ ಬರೀ ಎಚ್ಚರಿಕೆ ಇರಬಹುದು, ಇಲ್ಲ ಪಂದ್ಯದ ಸಂಭಾವನೆಯಲ್ಲಿ ಅರ್ಧದವರೆಗೂ ಹೋಗಬಹುದು. ದೊಡ್ಡ ತಪ್ಪಾದರೆ ಪಂದ್ಯ ಆಡುವಂತಿಲ್ಲ.

ಐಸಿಸಿ ಈ ವ್ಯವಸ್ಥೆ ತಂದದ್ದು 1991ರಲ್ಲಿ. ವಿಶ್ವನಾಥ್ ರೆಫರಿ ಆಗಿದ್ದದ್ದು 1999ರಿಂದ 2004. ನಮ್ಮ ಜಾವಗಲ್ ಶ್ರೀನಾಥ್ 2006ರಲ್ಲಿ ಅದೇ ಕೆಲಸಕ್ಕೆ ಸೇರಿದರು. ಕರ್ನಾಟಕಕ್ಕೆ ಇದೊಂದು ಅಭ್ಯಾಸ ಅನ್ನಿ.

ಸುಮ್ನೆ ಒಂದು ಮಾತು: ಇದು ಬೇಜಾರಿನ ಕೆಲಸ. ಇಡೀ ದಿನ ಕೂತು ನೋಡಬೇಕು. ಏನೂ ಆಗದಿದ್ದರೆ ಯಾರಿಗೂ ನಿಮ್ಮ ಹೆಸರು ನೆನಪಿಲ್ಲ, ಏನಾದರೂ ಆದರೆ ಎರಡು ದೇಶದವರೂ ಬೈಯುತ್ತಾರೆ.

ಕೊಪ್ಪದ ಕಾಫಿ:
ಆಯ್ಕೆ ಸಮಿತಿ ಬಗ್ಗೆ ನಾನು ಸೇರಿಸುತ್ತೇನೆ. ಆಗ ದೇಶದಲ್ಲಿ ಐದು ವಲಯ, ಸಮಿತಿಯಲ್ಲಿ ವಲಯಕ್ಕೊಬ್ಬರು. ಪ್ರತಿಯೊಬ್ಬರಿಗೂ ಅವರವರ ಕಡೆಯ ಹುಡುಗ ಬೇಕು. 1996ರ ಇಂಗ್ಲೆಂಡ್ ಪ್ರವಾಸಕ್ಕೆ ತಂಡ ಆರಿಸಿದಾಗ ವಿಶ್ವನಾಥ್ ಅಧ್ಯಕ್ಷರು. ಗಂಗೂಲಿ ಮತ್ತು ದ್ರಾವಿಡ್ ಆ ಪ್ರವಾಸದಲ್ಲೇ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿದ್ದು, 131 ಮತ್ತು 95. ಗಂಗೂಲಿಯನ್ನು ವಲಯದ ಕೋಟಾದಲ್ಲಿ ತಗೊಂಡರು ಅಂತ ಆಗ ಎಷ್ಟು ಜನ ಗೊಣಗಿದ್ದರು! ಮಕ್ಕಳಿಗೆ ದ್ರಾವಿಡ್ ಹೆಸರು ಗೊತ್ತಿರುತ್ತದೆ, ಅಲ್ಲಿಂದ ಹಿಡಿಯಿರಿ.

ಹೊಸನಗರದ ಪಿಟಿ ಮೇಷ್ಟ್ರು:
ತುಂಬಾ ಉಪಕಾರ. ಬಾಬ್ ಟೇಲರ್‌ನನ್ನು ವಾಪಸ್ ಕರೆದ ಕತೆ ಹೇಳಿ, ಅಂಥ ಪ್ರಾಮಾಣಿಕರಾದ್ದರಿಂದಲೇ ಮುಂದೆ ರೆಫರಿ ಆದರು ಅಂತ ಮುಗಿಸಿದರೆ ಹೇಗೆ?

ಹಳೇ ಟ್ರಾನ್ಸಿಸ್ಟರ್, ಭದ್ರಾವತಿ:
ಕತೆ ಹೇಳಿ, ಆ ಗಂಟು ಹಾಕಬೇಡಿ. ಮಧ್ಯೆ ಹತ್ತೊಂಬತ್ತು ವರ್ಷ ಇದೆ. ಕತೆಯನ್ನೂ ಪೂರ್ತಿ ಹೇಳಿ. 1980, ಬಾಂಬೆಯಲ್ಲಿ ನಮ್ಮ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್, ವಿಶ್ವನಾಥ್ ಕ್ಯಾಪ್ಟನ್. ಇಂಗ್ಲೆಂಡ್ 58ಕ್ಕೆ 5 ಆಗಿ ಒದ್ದಾಡುತ್ತಿತ್ತು. ಅಂಪೈರ್ ಟೇಲರ್ ಔಟ್ ಅಂದ ಮೇಲೂ ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ಇವರು ವಾಪಸ್ ಕರೆದರು. ಟೇಲರ್, ಬೋಥಮ್ ಸೇರಿ 171 ರನ್ ಕೂಡಿಸಿದರು. ನಾವು 10 ವಿಕೆಟ್‌ಗಳಿಂದ ಸೋತೆವು. ಎಲ್ಲರೂ ಈ ಸೋಲನ್ನು ನುಂಗಿಕೊಂಡು ಬರೀ ಹೊಗಳಿಕೆ ಹೇಳುತ್ತಾರೆ. ಕರೆದದ್ದು ಸರಿಯೋ ತಪ್ಪೋ ಅಂತ ಮಕ್ಕಳನ್ನೇ ಕೇಳಿಬಿಡಿ. ನಮ್ಮ ಪಾಳಿಯಲ್ಲಿ ಆಗ ಎರಡು ಪಕ್ಷ ಆಗಿತ್ತು, ನಾನು ಕರೆಯಬಾರದಿತ್ತು ಅನ್ನುವ ಕಡೆ. ಈಗಲೂ ಅದೇ ಕಡೆ.