ಅಪ್‌ಡೇಟ್: ಸುಗಂಧರಾಜದ ಪರ್ಫ್ಯೂಮ್ ಕೊನೆಗೂ ಒಗ್ಗಿತು

ಹೋದ ತಿಂಗಳು ಕೇಳಿದ್ದೆ ಅಲ್ವಾ, ಮಲ್ಲಿಗೆ-ಸುಗಂಧರಾಜದ ಪರ್ಫ್ಯೂಮ್ ಹಾಕಿಕೊಂಡರೆ ತಲೆ ಸಿಡಿಯುತ್ತದೆ, ಏನು ಮಾಡಲಿ ಅಂತ. ತಪ್ಪು ನನ್ನದೇ. ಕುತ್ತಿಗೆಗೆ ನಾಲ್ಕು ಸಲ ಹೊಡೆದುಕೊಳ್ಳುತ್ತಿದ್ದೆ, ಸೀದಾ ಮೂಗಿನ ಕೆಳಗೆ! ನೀವು ಹೇಳಿದಂತೆ ಈಗ ಮೊಣಕೈ ಒಳಮಡಿಕೆಗೆ ಒಂದೇ ಸಲ. ಮೊದಲ ಹತ್ತು ನಿಮಿಷ ಈಗಲೂ ಜೋರೇ. ಬೆಣ್ಣೆ ಸವರಿದ ರಬ್ಬರಿನಂಥ ವಾಸನೆ, ಜೊತೆಗೆ ಕರ್ಪೂರದ ಚುರುಕು. ಆಮೇಲೆ ಮೆತ್ತಗಾಗುತ್ತದೆ. ಸಂಜೆ ತೋಳು ಮಡಚಿದರೆ ಬಾಡಿದ ಮಲ್ಲಿಗೆ. ಆ ಕೊಂಚ ಕೊಳೆತ ಛಾಯೆ ಇಂಡೋಲ್ ಅನ್ನೋ ರಾಸಾಯನಿಕದ್ದು, ನಿಜವಾದ ಮಲ್ಲಿಗೆಯಲ್ಲೂ ಇರುತ್ತದೆ. ನಾನೋ, ಬಾಟಲಿ ಕೆಟ್ಟಿದೆ ಅಂದುಕೊಂಡಿದ್ದೆ! ಈಗ ಅದೇ ಇಷ್ಟ. ಸೆಖೆ ಜಾಸ್ತಿ ಇದ್ದ ದಿನ ಮಾತ್ರ ಮುಟ್ಟುವುದಿಲ್ಲ. ಮುಂದಿನ ಸರದಿ 1948ರಲ್ಲಿ ಬಂದ ಫ್ರಾಕಾಸ್ ಅನ್ನೋ ಪರ್ಫ್ಯೂಮ್, ಸುಗಂಧರಾಜಕ್ಕೇ ಹೆಸರಾದದ್ದು. ಸದ್ಯಕ್ಕೆ ಸ್ಯಾಂಪಲ್ ಸಾಕು.