‘ಜಿಲ್ಲಾ ಶಸ್ತ್ರಚಿಕಿತ್ಸಕ’ ಅಂದರೆ ಯಾರು?

ಗೆಳೆಯರಿಗೆ ನಮಸ್ಕಾರ.

ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಆರೋಗ್ಯ ಇಲಾಖೆಯಲ್ಲಿ ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು ಅನ್ನುವುದು ಅದರ ವಿಷಯ. ಕೆಲಸಗಳನ್ನು ವಿವರಿಸುವುದು ಸುಲಭವಾಯಿತು. ಹುದ್ದೆಗಳ ಹೆಸರೇ ಕಷ್ಟ.

ಮುಖ್ಯವಾಗಿ ‘ಜಿಲ್ಲಾ ಶಸ್ತ್ರಚಿಕಿತ್ಸಕ’. ಪತ್ರಿಕೆಗಳಲ್ಲಿ ಆಗಾಗ ಕಾಣುವ ಪದ. ಓದಿದವರು ‘ಆಪರೇಷನ್ ಮಾಡೋ ದೊಡ್ಡ ಡಾಕ್ಟ್ರು’ ಅಂದುಕೊಳ್ಳುತ್ತಾರೆ. ಆದರೆ ಇದು ಜಿಲ್ಲಾಸ್ಪತ್ರೆ ನಡೆಸುವವರ ಹುದ್ದೆ. ಹಾಸಿಗೆ, ಔಷಧಿ, ಸಿಬ್ಬಂದಿ ಎಲ್ಲ ಇವರ ತಲೆ ಮೇಲೆ. ಕುರ್ಚಿಯಲ್ಲಿ ಕೂತವರು ಮಕ್ಕಳ ಡಾಕ್ಟರೂ ಆಗಿರಬಹುದು, ಕಣ್ಣಿನ ಡಾಕ್ಟರೂ ಆಗಿರಬಹುದು. ಬ್ರಿಟಿಷರ ಕಾಲದ ‘ಸಿವಿಲ್ ಸರ್ಜನ್’ ಹುದ್ದೆಯ ಛಾಯೆ ಇದರಲ್ಲಿದೆ. ಮರಾಠಿಯಲ್ಲೂ ‘ಜಿಲ್ಹಾ ಶಲ್ಯಚಿಕಿತ್ಸಕ’ ಅಂತಲೇ ಇದೆ. ಬಿಹಾರದಲ್ಲಿ ಸಿವಿಲ್ ಸರ್ಜನ್ ಅಂದರೆ ಇಡೀ ಜಿಲ್ಲೆಯ ಆರೋಗ್ಯಾಡಳಿತಕ್ಕೆ ಮುಖ್ಯಸ್ಥರು.

ನಮ್ಮಲ್ಲಿ ಆ ಜಾಗ ಬೇರೆಯವರದು: ‘ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ’. ಇಷ್ಟುದ್ದ ಹೇಳುವವರು ಯಾರೂ ಇಲ್ಲ, ಎಲ್ಲರ ಬಾಯಲ್ಲೂ ಡಿಎಚ್‌ಒ. ಲಸಿಕೆ, ಡೆಂಗಿ, ಪ್ರಾಥಮಿಕ ಆರೋಗ್ಯ ಕೇಂದ್ರ ಇವೆಲ್ಲ ಇವರ ಕಡೆ. ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಲೆಕ್ಕ ಒಪ್ಪಿಸುವವರೂ ಇವರೇ. ಪಿಎಚ್‌ಸಿಗೆ ಡಾಕ್ಟರ್ ಬರುತ್ತಿಲ್ಲ ಅಂತ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಅರ್ಜಿ ಹಾಕಿದರೆ ಅದು ಸುಮ್ನೆ ಮೇಜಿಂದ ಮೇಜಿಗೆ ಓಡಾಡುತ್ತದೆ. ಹಾಗಾಗಿ ಈ ವ್ಯತ್ಯಾಸ ಹೆಸರಲ್ಲೇ ಕಾಣಬೇಕು ಅಂತ ನನ್ನ ಆಸೆ.

ತಾಲ್ಲೂಕಿನಲ್ಲೂ ಹೀಗೇ ಎರಡು ಕವಲು. ಹಳ್ಳಿ ಕಡೆಯ ಕೆಲಸಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿ, ಆಸ್ಪತ್ರೆಗೆ ‘ಆಡಳಿತ ವೈದ್ಯಾಧಿಕಾರಿ’. ಈ ಎರಡನೇ ಹೆಸರು ನನಗೆ ತುಂಬಾ ಹಿಡಿಸಿತು. ವೈದ್ಯರು ಹೌದು, ಆಡಳಿತವೂ ಇವರದೇ ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ. ಜಿಲ್ಲೆಗೂ ಇದನ್ನೇ ‘ಜಿಲ್ಲಾಸ್ಪತ್ರೆ ಆಡಳಿತ ವೈದ್ಯಾಧಿಕಾರಿ’ ಅಂತ ಒಯ್ಯಬಹುದಲ್ವಾ? ಅರ್ಜಿಯ ವಿಳಾಸಕ್ಕೆ ಸರ್ಕಾರಿ ಹೆಸರೇ ಬೇಕು, ಅದನ್ನು ಮುಟ್ಟುವುದಿಲ್ಲ. ವಿವರಣೆಯಲ್ಲಿ ಮಾತ್ರ ಬದಲಿಸುವ ಯೋಚನೆ. ಮಂಡ್ಯ, ಹಾಸನದಂಥ ಕಡೆ ದೊಡ್ಡಾಸ್ಪತ್ರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಜೊತೆ ಸೇರಿದೆ. ಅಲ್ಲಿ ಕಾಲೇಜಿನ ನಿರ್ದೇಶಕರೂ ನಡುವೆ ಬರುತ್ತಾರೆ. ಅದಕ್ಕೆ ಬೇರೆಯೇ ಪುಟ ಬೇಕು.

ಇನ್ನೊಂದು ಪದ ‘ಜಿಲ್ಲಾ ಸರ್ವೇಕ್ಷಣಾಧಿಕಾರಿ’. ಎಲ್ಲಿ ಜ್ವರ ಜಾಸ್ತಿಯಾಗುತ್ತಿದೆ, ಎಲ್ಲಿ ವಾಂತಿಭೇದಿ ಶುರುವಾಗಿದೆ ಅಂತ ಆರೋಗ್ಯ ಕಾರ್ಯಕರ್ತೆಯರು, ಡಾಕ್ಟರುಗಳು, ಲ್ಯಾಬ್‌ಗಳು ಕೊಡುವ ವರದಿ ನೋಡಿ ಎಚ್ಚರಿಸುವ ಅಧಿಕಾರಿ. ಕರಡು ಓದಿದ ಸದಸ್ಯರೊಬ್ಬರು ‘ಸರ್ವೇ’ ಅಂತ ಕಂಡ ಕೂಡಲೇ ಜಮೀನು ಅಳೆಯುವವರು ಅಂದುಕೊಂಡರು! ‘ಕಣ್ಗಾವಲು ಅಧಿಕಾರಿ’ ಅಂತಲೂ ಬರೆಯುತ್ತಾರೆ, ಆದರೆ ಅದರಲ್ಲಿ ಪೊಲೀಸ್ ವಾಸನೆ. ‘ರೋಗ ನಿಗಾ ಅಧಿಕಾರಿ’ ಅಂದರೆ ಹೇಗೆ? ‘ರೋಗ’ ಅಂತ ಮುಂದೆ ಸೇರಿಸಿದ್ದರಿಂದ ನಿಗಾ ಯಾವುದರ ಮೇಲೆ ಅನ್ನುವುದು ಗೊಂದಲವಾಗುವುದಿಲ್ಲ.

ಕಲಬುರಗಿ, ಬೀದರ್ ಕಡೆಯವರು, ಕರಾವಳಿಯವರು ಇದ್ದರೆ ದಯವಿಟ್ಟು ಹೇಳಿ: ಜಿಲ್ಲಾಸ್ಪತ್ರೆ ಮುಖ್ಯಸ್ಥರನ್ನು ನಿಮ್ಮಲ್ಲಿ ಜನ ಏನಂತ ಕರೆಯುತ್ತಾರೆ? ‘ಡಿಎಸ್’ (ಡಿಸ್ಟ್ರಿಕ್ಟ್ ಸರ್ಜನ್) ಅಂತಲೋ, ‘ಸರ್ಜನ್ ಸಾಹೇಬ್ರು’ ಅಂತಲೋ, ಬೇರೆ ಏನಾದರೂ ಇದೆಯೋ? ಇಲಾಖೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ‘ಆಡಳಿತ ವೈದ್ಯಾಧಿಕಾರಿ’ಯನ್ನು ಜಿಲ್ಲೆಗೂ ಬಳಸಿದರೆ ಕಡತದಲ್ಲಿ ಗೊಂದಲ ಆಗುತ್ತದಾ ಅನ್ನುವುದನ್ನೂ ತಿಳಿಸಿ.