ಊನೋಗೆ ವೈಫೈ: ರೌಟರ್ ಸೇರುವಾಗ ಇಎಸ್‌ಪಿ-01 ರೀಸೆಟ್ ಆಗ್ತಿದೆ

ಕಾಫಿಕಣ, ಸೋಮವಾರಪೇಟೆ

ತೋಟದ ಮಳೆಮಾಪಕಕ್ಕೆ ಆರ್ಡುಯಿನೋ ಊನೋ (ಚಿಕ್ಕ ಕಂಟ್ರೋಲರ್ ಬೋರ್ಡ್) ಹಾಕಿದ್ದೇನೆ. ಟಿಪ್ಪಿಂಗ್ ಬಕೆಟ್ (ತುಂಬಿದಾಗ ಮಗುಚುವ ಪುಟ್ಟ ಬಟ್ಟಲು), ಒಂದು ಸಲ ಮಗುಚಿದರೆ 0.2794 ಮಿ.ಮೀ. ಮಳೆ, ಮಗುಚಿದ್ದನ್ನು ತಿಳಿಸುವ ರೀಡ್ ಸ್ವಿಚ್ 2ನೇ ಪಿನ್ನಿಗೆ. ಎಣಿಕೆ ಸರಿಯಿದೆ. ಲೆಕ್ಕ ಮನೆಗೇ ಬರಲಿ ಅಂತ ಇಎಸ್‌ಪಿ-01 ವೈಫೈ ಮಾಡ್ಯೂಲ್ ಸೇರಿಸಿದೆ. ಅದರ ವಿಸಿಸಿ (ಪವರ್ ಕಾಲು) ಊನೋದ 3.3 ವೋಲ್ಟ್ ಪಿನ್ನಿಗೆ, ಟಿಎಕ್ಸ್ (ಕಳಿಸುವ ಕಾಲು) 10ಕ್ಕೆ, ಆರ್‌ಎಕ್ಸ್ (ಪಡೆಯುವ ಕಾಲು) 11ಕ್ಕೆ ನೇರವಾಗಿ, ಸಾಫ್ಟ್‌ವೇರ್ ಸೀರಿಯಲ್ (ಮಾಮೂಲಿ ಪಿನ್ನುಗಳಲ್ಲಿ ಪ್ರೋಗ್ರಾಮೇ ನಡೆಸುವ ಸಂವಹನ) 115200 ವೇಗದಲ್ಲಿ. ಪರೀಕ್ಷಾ ಆದೇಶ 'ಎಟಿ' ಕಳಿಸಿದರೆ ಒಮ್ಮೆ 'ಓಕೆ', ಒಮ್ಮೆ ಬರೀ ಕಸ. ರೌಟರ್ ಸೇರು ಅಂದ ಕೂಡಲೇ ರೀಸೆಟ್. ಮಾಡ್ಯೂಲೇ ಹಾಳಾಗಿದೆಯಾ? ಮನೆಗೂ ಮಾಪಕಕ್ಕೂ ಸುಮಾರು 150 ಮೀಟರ್. ನಡುವೆ ಸಿಲ್ವರ್ ಓಕ್, ಕಾಫಿ, ಮೆಣಸಿನ ಬಳ್ಳಿ.

ಬೆಸುಗೆ

ಮಾಡ್ಯೂಲ್ ಹಾಳಾಗಿಲ್ಲ ಸರ್, ಅದರ ಹೊಟ್ಟೆಗೆ ಸಾಲುತ್ತಿಲ್ಲ. ಊನೋದ 3.3 ವೋಲ್ಟ್ ಪಿನ್ ಇರುವುದು 50 ಮಿಲಿಆಂಪ್‌ಗೆ. ಇಎಸ್‌ಪಿ-01ರೊಳಗಿನ ಇಎಸ್‌ಪಿ8266 ಚಿಪ್ ರೇಡಿಯೋದಲ್ಲಿ ಕಳಿಸುವ ಕ್ಷಣಕ್ಕೆ 300 ಮಿಲಿಆಂಪ್ ದಾಟಿ ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಚಿಪ್ ಮೊದಲಿನಿಂದ ಶುರು ಮಾಡುತ್ತದೆ. ಅದಕ್ಕೇ ಬರೀ 'ಎಟಿ'ಗೆ ಉತ್ತರ ಬಂದು, ರೌಟರ್ ಸೇರುವಾಗ ಮಾತ್ರ ಬೀಳುವುದು.

ಎಎಂಎಸ್1117-3.3 ರೆಗ್ಯುಲೇಟರ್ ಬೋರ್ಡ್ (5 ವೋಲ್ಟನ್ನು 3.3ಕ್ಕೆ ಇಳಿಸುವುದು) ಒಂದು ತನ್ನಿ. ಅದಕ್ಕೆ 5 ವೋಲ್ಟ್ 1 ಆಂಪ್ ಅಡಾಪ್ಟರಿನಿಂದ ನೇರವಾಗಿ ಕೊಡಿ, ಊನೋ ಮೂಲಕ ಬೇಡ. ಮಾಡ್ಯೂಲಿನ ವಿಸಿಸಿ–ಗ್ರೌಂಡ್ ಕಾಲುಗಳ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಒಂದು, 0.1 ಮೈಕ್ರೋಫ್ಯಾರಡ್ ಒಂದು. ಕೆಪ್ಯಾಸಿಟರ್ ಗೇಣುದ್ದ ವೈರಿನ ಆಚೆ ಕೂತರೆ ಇದ್ದೂ ಇಲ್ಲದಂತೆ. ಎಲ್ಲದರ ಗ್ರೌಂಡ್ ಒಂದಕ್ಕೊಂದು ಸೇರಿರಬೇಕು. ಚಿಪ್ಪನ್ನು ಆನ್ ಮಾಡುವ ಸಿಎಚ್_ಪಿಡಿ ಕಾಲನ್ನು 10 ಕಿಲೋ ಓಮ್ ಮೂಲಕ 3.3ಕ್ಕೆ ಎಳೆಯಿರಿ. ಚಿಪ್ ಶುರುವಾಗುವಾಗ ಜಿಪಿಐಓ0 ಕಾಲು ಗ್ರೌಂಡಿಗೆ ತಾಗಿದ್ದರೆ ಅದು ಫ್ಲ್ಯಾಶ್ ಮೋಡಿಗೆ (ಹೊಸ ಪ್ರೋಗ್ರಾಂ ತುಂಬಿಸಿಕೊಳ್ಳುವ ಸ್ಥಿತಿ) ಹೋಗಿ ಮಾತೇ ಆಡುವುದಿಲ್ಲ.

ಇನ್ನೊಂದು: ಆರ್‌ಎಕ್ಸ್‌ಗೆ 5 ವೋಲ್ಟ್ ಕೊಡುತ್ತಿದ್ದೀರಿ, ಇವತ್ತೇ ನಿಲ್ಲಿಸಿ. 11ನೇ ಪಿನ್ನಿನಿಂದ 1 ಕಿಲೋ ಓಮ್ ಆರ್‌ಎಕ್ಸ್‌ಗೆ, ಆರ್‌ಎಕ್ಸ್‌ನಿಂದ 2 ಕಿಲೋ ಓಮ್ ಗ್ರೌಂಡಿಗೆ. ಆಗ 3.3 ಸಿಗುತ್ತದೆ. ಟಿಎಕ್ಸ್ ನೇರವಾಗಿ 10ಕ್ಕೆ ಇರಲಿ, 5 ವೋಲ್ಟಿನ ಎಟಿಮೆಗಾ328 3 ವೋಲ್ಟಿನ ಮೇಲಿದ್ದರೆ ಹೈ ಅಂತಲೇ ಓದುತ್ತದೆ.

ಕಸ ಬರುವುದು ಬಾಡ್ ರೇಟಿನಿಂದ (ಸೀರಿಯಲ್ ವೇಗ). ಸಾಫ್ಟ್‌ವೇರ್ ಸೀರಿಯಲ್ 115200ರಲ್ಲಿ ನಿಲ್ಲುವುದಿಲ್ಲ. 3.3 ವೋಲ್ಟಿನ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಹಾಕಿ ಎಟಿ+ಯುಎಆರ್‌ಟಿ_ಡೆಫ್=9600,8,1,0,0 ಒಮ್ಮೆ ಕೊಟ್ಟರೆ ಉಳಿದುಕೊಳ್ಳುತ್ತದೆ. ಸಾಲಿನ ಕೊನೆಗೆ ಎನ್‌ಎಲ್, ಸಿಆರ್ (ಸಾಲು ಮುಗಿಸುವ ಚಿಹ್ನೆಗಳು) ಎರಡೂ ಹೋಗಬೇಕು. ಪವರ್ ಕೊಟ್ಟ ಕೂಡಲೇ ಬರುವ ಒಂದು ಸಾಲು ಕಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅದು 74880ರಲ್ಲಿ ಬರುವ ಬೂಟ್ ಸಂದೇಶ.

ಮಂಜಿನೂರು

ಬೆಸುಗೆಯವರು ಹೇಳಿದ್ದೆಲ್ಲ ಸರಿ, ಆದರೆ ಅದು ಮೇಜಿನ ಮೇಲೆ ಕೆಲಸ ಮಾಡಲಿಕ್ಕೆ. ವೈಫೈಯೇ ಬೇಕಿದ್ದರೆ ಊನೋ ಬಿಟ್ಟು ವೈಫೈ ಒಳಗೇ ಇರುವ ಇಎಸ್‌ಪಿ32 ಬೋರ್ಡ್ ಹಾಕುವುದು ಸಲೀಸು. ತೊಡಕಿರುವುದು ಆ 150 ಮೀಟರಿನಲ್ಲಿ. 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಹೀರುತ್ತದೆ, ಆಟಿ ಮಳೆಗೆ ತೊಯ್ದ ಎಲೆ ಅಂದರೆ ನೀರಿನ ಗೋಡೆ. ಬೇಸಿಗೆಯಲ್ಲಿ ಸಿಕ್ಕ ಸಿಗ್ನಲ್ ಜುಲೈಯಲ್ಲಿ ಸಿಗದು. ಮಳೆಮಾಪಕ ಬೇಕಾಗುವುದೇ ಆಗ!

ಲೋರಾ ನೋಡಿ, ಕಡಿಮೆ ಶಕ್ತಿಯಲ್ಲಿ ದೂರ ಮುಟ್ಟುವ ರೇಡಿಯೋ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದು. ಆರ್‌ಎಫ್‌ಎಂ95 ಲೋರಾ ಮಾಡ್ಯೂಲ್ ಎರಡು: ಮಾಪಕದಲ್ಲೊಂದು, ಮನೆಯಲ್ಲಿ ಇಎಸ್‌ಪಿ32 ಜೊತೆ ಒಂದು. ಲೈಬ್ರರಿಯ ಉದಾಹರಣೆಗಳಲ್ಲಿ 915 ಇರುತ್ತದೆ, ಹಾಗೇ ಅಪ್‌ಲೋಡ್ ಮಾಡಬೇಡಿ. 866 ಮಾಡಿ.

ಕಾಫಿಕಣ

ರೆಗ್ಯುಲೇಟರ್ ಹಾಕಿ 9600ಕ್ಕೆ ಇಳಿಸಿದೆ, ಮನೆಯೊಳಗೆ ಈಗ ಬೀಳುತ್ತಿಲ್ಲ. ಆದರೂ ತೋಟಕ್ಕೆ ಲೋರಾ ಅಂತಲೇ ತೀರ್ಮಾನಿಸಿದೆ. ಊನೋದಲ್ಲೇ ಆಗುತ್ತದಾ? ರೀಡ್ ಸ್ವಿಚ್ 2ರಲ್ಲಿದೆ, ಆರ್‌ಎಫ್‌ಎಂ95ರ ಸೂಚನೆ ಕೊಡುವ ಡಿಐಓ0 ಕಾಲು ಕೂಡ 2ನ್ನೇ ಕೇಳುತ್ತಿದೆ.

ಮಂಜಿನೂರು

ಬರೀ ಕಳಿಸುವ ಕಡೆಗೆ ಡಿಐಓ0 ಬೇಕಿಲ್ಲ, ಬಿಟ್ಟುಬಿಡಿ. ಎಸ್‌ಪಿಐ (ಡೇಟಾ ತಂತಿಗಳು) 11, 12, 13ಕ್ಕೆ, ಎನ್‌ಎಸ್‌ಎಸ್ (ಮಾಡ್ಯೂಲ್ ಆರಿಸುವ ಕಾಲು) 10ಕ್ಕೆ, ರೀಸೆಟ್ 9ಕ್ಕೆ. ಆದರೆ ಆರ್‌ಎಫ್‌ಎಂ95 ಕೂಡ 3.3ರದ್ದು. ಊನೋ ಇಟ್ಟುಕೊಂಡರೆ ಲೆವೆಲ್ ಶಿಫ್ಟರ್ (5 ವೋಲ್ಟಿನ ಸಿಗ್ನಲನ್ನು 3.3ಕ್ಕೆ ಇಳಿಸುವುದು) ಬೇಕು. 3.3 ವೋಲ್ಟ್ 8 ಮೆಗಾಹರ್ಟ್ಸ್ ಆರ್ಡುಯಿನೋ ಪ್ರೊ ಮಿನಿಗೆ ಬದಲಾಯಿಸಿದರೆ ಆ ಗೋಜಿಲ್ಲ, ಬ್ಯಾಟರಿಯೂ ಉಳಿಯುತ್ತದೆ. ರೇಡಿಯೋಗೆ ಮಾತ್ರ ಬೇರೆ ರೆಗ್ಯುಲೇಟರ್ ಕೊಡಿ, ಪೂರ್ತಿ ಶಕ್ತಿಯಲ್ಲಿ ಅದು 120 ಮಿಲಿಆಂಪ್ ಎಳೆಯುತ್ತದೆ. ಆರ್‌ಎಫ್‌ಎಂ95ರ ಕಾಲುಗಳು 2 ಮಿ.ಮೀ. ಅಂತರದವು, ಬ್ರೆಡ್‌ಬೋರ್ಡಿಗೆ ಕೂರುವುದಿಲ್ಲ, ಅಡಾಪ್ಟರ್ ಬೋರ್ಡ್ ಜೊತೆಗೇ ತರಿಸಿ.

ಆಂಟೆನಾಗೆ ಸುಮಾರು 8.6 ಸೆಂ.ಮೀ. ಗಟ್ಟಿ ತಂತಿ ಸಾಕು. ಆಂಟೆನಾ ಇಲ್ಲದೆ ಪವರ್ ಕೊಟ್ಟು ಕಳಿಸಿದರೆ ಮಾಡ್ಯೂಲ್ ಸುಡಬಹುದು.

ಬೆಸುಗೆ

ಪ್ರತಿ ಸಲ 'ಒಂದು ಮಗುಚಿತು' ಅಂತ ಕಳಿಸಬೇಡಿ, ಶುರುವಿನಿಂದ ಆದ ಒಟ್ಟು ಎಣಿಕೆ ಕಳಿಸಿ. ನಡುವೆ ನಾಲ್ಕು ಪ್ಯಾಕೆಟ್ ಕಳೆದರೂ ಲೆಕ್ಕ ತಪ್ಪುವುದಿಲ್ಲ. ಇಂಚು–ಸೆಂಟಿಗೆ (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ) ಮನೆಯ ಕಡೆ ಪರಿವರ್ತಿಸಿ: ಒಂದು ಮಗುಚಿಗೆ 1.1 ಸೆಂಟು, 91 ಆದರೆ ಇಂಚು. ಪೆಟ್ಟಿಗೆಯ ಕೇಬಲ್ ತೂತು ಕೆಳಮುಖವಾಗಿರಲಿ, ಗ್ಲ್ಯಾಂಡ್ (ಕೇಬಲ್ ಸುತ್ತ ತೂತು ಬಿಗಿಯುವ ಬಿರಡೆ) ಹಾಕಿ. ಇಲ್ಲದಿದ್ದರೆ ನೀರಿಗಿಂತ ಮೊದಲು ಇರುವೆ ಒಳಗಿರುತ್ತದೆ.